ಹೊಡೆದುಹಾಕಿದ ಸೊಲ್ಲು

ಅವರು ಓದುವಾಗ ತುಟಿ ಅಲ್ಲಾಡುತ್ತಿತ್ತು. ರಾಯದುರ್ಗದ ನಮ್ಮ ಬೋರ್ಡು ಸ್ಕೂಲಿನಲ್ಲಿ ನಾವು ಮಿಕ್ಕ ಮೇಷ್ಟರೆಲ್ಲ ಕಣ್ಣಿನಲ್ಲೇ ಓದಿ ಮುಗಿಸುವವರು. ಇವರೊಬ್ಬರು ಮಾತ್ರ ಅಕ್ಷರ ಕೂಡಿಸಿ ಓದುವ ಹುಡುಗನ ಹಾಗೆ ಪ್ರತಿಯೊಂದು ಮಾತನ್ನೂ ತುಟಿಯ ಮೇಲೆ ತಂದು, ಒಂದಿಷ್ಟು ಹೊತ್ತು ಅಲ್ಲಿ ಇಟ್ಟುಕೊಂಡು, ಆಮೇಲೆ ಒಳಗೆ ಬಿಡುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು. "ಬಾಯಿಗೆ ಬರ್ದೇ ಇರೋ ಮಾತು ಬರೀ ಕಣ್ಣಿಗೆ ಬಂದ್ರೆ ಏನ್ ಬಂತು ಪಂಡಿತರೇ?" ಎನ್ನುತ್ತಿದ್ದರು. ನಾನಿನ್ನೂ ಪಂಡಿತನಾಗಿರಲಿಲ್ಲ, ಪರೀಕ್ಷೆಗೆ ಕಟ್ಟಿದ್ದೆ ಅಷ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ತಮಾಷೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಈ ವರ್ಷ ಮಾಘದಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. "ಎಲ್ಲಾನೂ ಬರ್ಕಳ್ಳಿ ಅಣ್ಣಯ್ಯ, ಹೆಸ್ರೊಂದು ಬ್ಯಾಡ" ಎಂದರು. ಹಿಂದೆಯೂ ಒಂದು ಸಲ ಆ ತಾಯಿ ಇದೇ ಷರತ್ತು ಹಾಕಿದ್ದರು, ನಾನು ನಡೆಸಿಕೊಟ್ಟಿದ್ದೆ. ಈಗಲೂ ನಡೆಸುತ್ತೇನೆ.

ಮಡಕಶಿರದ ಕಡೆಯವರು. ಎತ್ತರದ ಆಳು, ತೆಳ್ಳಗೆ, ಬಾಗಿಲಲ್ಲಿ ಬಗ್ಗಿ ಬಗ್ಗಿ ಬೆನ್ನೇ ಬಾಗಿಹೋಗಿತ್ತು. ಕಚ್ಚೆಪಂಚೆ, ಮೊಣಕೈ ಸವೆದ ಕರೀ ಕೋಟು, ಬಲಗಿವಿಯ ಮೇಲೆ ಒಂದು ಪೆನ್ಸಿಲು. ಸ್ನಾನಕ್ಕೆ ಹೋಗುವಾಗಲೂ ಆ ಪೆನ್ಸಿಲನ್ನು ಮರೆತು ತಲೆಗೆ ನೀರು ಹುಯ್ದುಕೊಂಡರೆಂದು ಒಂದು ಕಥೆ ಇತ್ತು. ನಾವು 'ಐತಿ' ಎನ್ನುವಲ್ಲಿ ಅವರು 'ಐತೆ' ಎನ್ನುತ್ತಿದ್ದರು. ಹುಡುಗರು ಬೆನ್ನ ಹಿಂದೆ ಅಣಕಿಸುತ್ತಿದ್ದರು. ಪೇಟೆಯಲ್ಲಿ ಅಂಗಡಿಯವರ ಹತ್ತಿರ ತೆಲುಗು, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ, ಬರೀ ಮೌನ. ಕೋಟೆ ಬೆಟ್ಟದ ಬುಡದ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಹೆಂಡತಿ ಊರಲ್ಲಿದ್ದಾರೆಂದು ಗೊತ್ತಿತ್ತು. ಎಂದಾದರೊಮ್ಮೆ ಶನಿವಾರ ಹೋಗಿ ಭಾನುವಾರ ಬಂದುಬಿಡುತ್ತಿದ್ದರು. ಯಾಕೆ ಕರೆತರಲಿಲ್ಲ ಎಂದು ಯಾರಾದರೂ ಕೇಳಿದರೆ, "ಅವಳಿಗೆ ಅಲ್ಲೇ ಹೊಂದ್ತೈತೆ" ಎಂದು ಮಾತು ಮುಗಿಸುತ್ತಿದ್ದರು.

ಅವರು ಹುಡುಗರಿಗೆ ಪ್ರಬಂಧ ಬರೆಸುವ ರೀತಿಯೇ ಬೇರೆ. ಒಂದು ಸಲ 'ಹಸು' ಎಂಬ ವಿಷಯ ಕೊಟ್ಟಿದ್ದರು. ಎಲ್ಲರೂ ಎಲ್ಲ ಶಾಲೆಗಳಲ್ಲೂ ಬರೆಯುವುದನ್ನೇ ಬರೆದರು: ಹಸು ಸಾಧು ಪ್ರಾಣಿ, ಅಮೃತದಂಥ ಹಾಲು ಕೊಡುತ್ತದೆ. ಒಬ್ಬನನ್ನು ಎಬ್ಬಿಸಿ ಕೇಳಿದರು, "ಅಮೃತ ಕುಡಿದಿದ್ದೀಯೇನೋ?"

"ಇಲ್ರಿ ಸಾರ್."

"ಹೋಗ್ಲಿ, ನಿಮ್ಮ ಹಸು ಎಷ್ಟು ಹಾಲು ಕೊಡ್ತೈತೆ?"

"ಕೊಡಂಗಿಲ್ರಿ ಸಾರ್. ನಮ್ಮ ಆಕಳ ಗೊಡ್ಡೈತ್ರಿ."

"ಹಂಗಾರೆ ಅದನ್ನೇ ಬರಿ."

ಇನ್‌ಸ್ಪೆಕ್ಟರರು ಬಂದ ದಿನ ತೆಗೆದು ನೋಡಿದ್ದು ಅದೇ ಹುಡುಗನ ಪುಸ್ತಕ. 'ನಮ್ಮ ಆಕಳು ಗೊಡ್ಡು. ಆದರೂ ಅವ್ವ ಮಾರಗೊಡುವುದಿಲ್ಲ' ಎಂದು ಬರೆದಿತ್ತು. ಹೆಡ್‌ಮಾಸ್ಟರರ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ಇವರು ಮಾತ್ರ ಇಡೀ ವಾರ ಆ ಎರಡು ವಾಕ್ಯಗಳನ್ನು ಕಂಡ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ನಾವಿಬ್ಬರೂ ಹತ್ತಿರವಾದದ್ದು ಮದರಾಸಿನ ಕನ್ನಡ ಪರೀಕ್ಷೆಯಿಂದ. ಅದನ್ನು ಪಾಸು ಮಾಡಿದರೆ ಹೈಸ್ಕೂಲಿನಲ್ಲಿ ಪಂಡಿತರ ಕೆಲಸ. ಭಾನುವಾರಗಳಲ್ಲಿ ರೈಲಿನಲ್ಲಿ ಬಳ್ಳಾರಿಗೆ ಹೋಗಿ, ಅಲ್ಲೊಬ್ಬ ಹಿರಿಯ ಪಂಡಿತರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೆವು. ಓಬಳಾಪುರ ದಾಟುವಷ್ಟರಲ್ಲಿ ನಮ್ಮ ಬಿಳೀ ಪಂಚೆಗಳು ಅಲ್ಲಿನ ಕೆಮ್ಮಣ್ಣಿನ ಧೂಳಿಗೆ ಕೆಂಪಾಗಿರುತ್ತಿದ್ದವು. ಪರೀಕ್ಷೆಯ ಜೊತೆಗೆ ಒಂದು ಸಂಶೋಧನ ಪ್ರಬಂಧವನ್ನೂ ಬರೆದು ಕಳಿಸಬೇಕಿತ್ತು. ಆ ಹಿರಿಯರು ಇಟ್ಟ ನಿಯಮವೊಂದಿತ್ತು: ಅವರ ಕೈಗೆ ಪ್ರಬಂಧ ಕೊಡುವ ಮೊದಲು ಸಹಪಾಠಿಯೊಬ್ಬ ಅದನ್ನು ಓದಿ, ತಿದ್ದಿ, ಕೊನೆಯ ಹಾಳೆಯಲ್ಲಿ 'ಓದಿದ್ದೇನೆ' ಎಂದು ಬರೆದು ಸಹಿ ಹಾಕಿರಬೇಕು. ಸಹಿಯಿಲ್ಲದ ಪ್ರಬಂಧವನ್ನು ಅವರು ಮುಟ್ಟುತ್ತಿರಲಿಲ್ಲ. "ನಿಮ್ಮ ತಪ್ಪು ಹೊರುವವನು ಇನ್ನೊಬ್ಬ ಇರಲಿ" ಎನ್ನುತ್ತಿದ್ದರು. ರಾಯದುರ್ಗದಿಂದ ಹೋಗುತ್ತಿದ್ದವರು ನಾವಿಬ್ಬರೇ. ಹಾಗಾಗಿ ನನ್ನದನ್ನು ಅವರು ತಿದ್ದುವುದು, ಅವರದನ್ನು ನಾನು ತಿದ್ದುವುದು ಎಂದಾಯಿತು.

ನಮ್ಮ ಮೇಷ್ಟರು ಕೆಂಪು ಮಸಿ ಮುಟ್ಟಿದವರಲ್ಲ. ತಪ್ಪು ಗುರುತು ಹಾಕಿದವರಲ್ಲ. ಅನುಮಾನ ಬಂದ ಮಾತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನೆ ಸುತ್ತುತ್ತಿದ್ದರು. ಸೊನ್ನೆಯೆಂದರೆ ಒಂದೇ ಪ್ರಶ್ನೆ: ಯಾರು ಕಂಡರು, ಯಾರು ಕೇಳಿದರು? ಉತ್ತರ ಹೇಳಿದರೆ ಸೊನ್ನೆಯನ್ನು ರಬ್ಬರಿನಿಂದ ಅಳಿಸುತ್ತಿದ್ದರು. ಹೇಳದಿದ್ದರೆ ಅದು ಅಲ್ಲೇ ಕೂತು ನಮ್ಮನ್ನು ನೋಡುತ್ತಿತ್ತು. ನನ್ನ ಮೊದಲ ಅಧ್ಯಾಯದ ಅಂಚೆಲ್ಲ ಸೊನ್ನೆಗಳಾಗಿ, ಕೋಳಿ ಮೊಟ್ಟೆ ಇಟ್ಟುಹೋದ ಹಾಗೆ ಕಾಣುತ್ತಿತ್ತು.

ಅವರದೇ ಪ್ರಬಂಧದ ಗತಿ ಕೇಳಬೇಡಿ. ತಮ್ಮ ಸೀಮೆಯ ಹೇಮಾವತಿ ಊರಿನ ಸುತ್ತಮುತ್ತಲ ವೀರಗಲ್ಲುಗಳ ಮೇಲಿನ ಬರಹವನ್ನು ಕುರಿತು ಬರೆಯುತ್ತಿದ್ದರು. ಒಂದೊಂದು ಕಲ್ಲಿನ ಬಳಿಗೂ ನಡೆದು ಹೋಗಿ, ಬೆರಳಾಡಿಸಿ ಓದಿಬಂದವರು. ಬರೆದದ್ದನ್ನು ಮರುದಿನ ಓದುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು, 'ಇದು ನಾನು ಕಂಡದ್ದಲ್ಲ' ಎಂದು ಹೊಡೆದುಹಾಕುತ್ತಿದ್ದರು. ಅವರದನ್ನು ತಿದ್ದುವುದೆಂದರೆ ಹೊಡೆದುಹಾಕಿದ್ದನ್ನು ಮತ್ತೆ ಸೇರಿಸಿಕೊಡುವುದೇ ನನ್ನ ಕೆಲಸ. ಎಷ್ಟು ಸೇರಿಸಿದರೂ ಮುಂದಿನ ಭಾನುವಾರಕ್ಕೆ ಅದು ಇನ್ನಷ್ಟು ತೆಳ್ಳಗಾಗಿರುತ್ತಿತ್ತು. ಕೊನೆಗೆ ಉಳಿದದ್ದು ಪರೀಕ್ಷಕರಿಗೆ ಸಾಲದೆಂದು ತಿರುಗಿ ಬಂತು. "ಕಲ್ಲಿನ ಮೇಲೆ ಇರೋದೇ ಅಷ್ಟು ಪಂಡಿತರೇ, ನಾನೇನ್ ಮಾಡ್ಲಿ?" ಎಂದು ನಕ್ಕರು. ಅವರಿಗೆ ಬೇಸರವಾಗಿರಲಿಲ್ಲ. ನನಗಾಗಿತ್ತು.

ನಾನು ಹಿಡಿದ ವಿಷಯ ಅಪಶಕುನದ್ದು. ನಮ್ಮ ಸೀಮೆಯ ಹೆಂಗಸರು ಸತ್ತವರನ್ನು ಹಾಡಿಕೊಂಡು ಅಳುತ್ತಾರಲ್ಲ, ಅದರ ಮೇಲೆ. ಯಾರೂ ಕಲಿಸದೆ, ಯಾರೂ ಬರೆಯದೆ, ಆ ಹೊತ್ತಿಗೆ ಬಾಯಿಗೆ ಬರುವ ಸೊಲ್ಲುಗಳವು. ಅವುಗಳಲ್ಲಿ ಕಾವ್ಯವಿದೆಯೆಂದು ತೋರಿಸಬೇಕೆಂಬುದು ನನ್ನ ಹಂಬಲ. ಆದರೆ ಆ ಹಾಡನ್ನು ಕೇಳುವುದು ಹೇಗೆ? ಬೀಸುವ ಹಾಡು, ಸೋಬಾನೆ ಇವನ್ನಾದರೆ ಯಾರ ಮನೆಯ ಜಗಲಿಯಲ್ಲಾದರೂ ಕೂತು ಹಾಡಿಸಿಕೊಳ್ಳಬಹುದು. ಇದನ್ನು ಸಾವಿಲ್ಲದ ಮನೆಯಲ್ಲಿ ಹಾಡಿ ಎಂದರೆ ಪೊರಕೆ ತೆಗೆದುಕೊಳ್ಳುತ್ತಾರೆ. ಸಾವಾದ ಮನೆಯಲ್ಲಿ ಕಾಗದ ಪೆನ್ಸಿಲು ತೆಗೆಯಲು ಯಾವ ಮನುಷ್ಯನಿಗೆ ಮನಸ್ಸು ಬರುತ್ತದೆ? ಹಾಗಾಗಿ ದೂರ ನಿಂತು ಕಿವಿಗೆ ಬಿದ್ದಷ್ಟನ್ನು ನೆನಪಿಟ್ಟುಕೊಂಡು ಬಂದು ಬರೆಯುತ್ತಿದ್ದೆ. ಎಲ್ಲವೂ ಚೂರುಚೂರು.

ನಮ್ಮವ್ವನಂತೂ ಆ ಕಾಗದಗಳು ಹೊಸ್ತಿಲು ದಾಟಬಾರದೆಂದು ಹಟ ಹಿಡಿದಳು. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಬರೆದದ್ದನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದೆ. ದೀಪ ಹಿಡಿದು ಬಂದವಳು ಅಲ್ಲೇ ನಿಂತಳು.

"ಅದೇನೋ ದೀಪ ಹಚ್ಚೂ ಹೊತ್ತಿನ್ಯಾಗ ಹೆಣದ ಮುಂದಿನ ಮಾತು! ಮನ್ಯಾಗ ಮಂದಿ ಚಲೋತ್ನಾಗಿ ಇರೂದು ನಿನಗ ಬ್ಯಾಡೇನು?"

"ಪರೀಕ್ಷಾಕ್ಕವ್ವ."

"ಯಾವ ಪರೀಕ್ಷಾರ ಇರವಲ್ದ್ಯಾಕ. ಹೊರಗ ಇಡು. ಅಳೂ ಮಾತು ಅಂದ್ರ ಆಟಲ್ಲ. ಹಾಡಿ ಅಳೂ ಮುಂದ ಬಾಯಾಗ ಸುಳ್ಳು ಬರಂಗಿಲ್ಲ, ಗೊತ್ತೈತೇನು? ಒಳಗ ಇದ್ದದ್ದ ಬರತೈತಿ. ಅಂಥಾದ್ದನ್ನ ಮನ್ಯಾಗ ಯಾರರ ಇಟ್ಕೊಂತಾರೇನು?"

ಕಾಗದಗಳನ್ನೇನೋ ಹೊರಗಿಟ್ಟೆ. ಅವ್ವನ ಮಾತನ್ನು ಮಾತ್ರ ಪ್ರಬಂಧದೊಳಕ್ಕೆ ತೆಗೆದುಕೊಂಡೆ: 'ಹಾಡಿ ಅಳುವಾಗ ಸುಳ್ಳು ಬಾರದು.' ನನಗೆ ಆ ವಾಕ್ಯ ಬಹಳ ಹಿಡಿಸಿತ್ತು. ಅದರ ಪಕ್ಕದಲ್ಲೂ ಅವರು ಸೊನ್ನೆ ಸುತ್ತಿದರು.

ಕಾಗದಗಳಿಗೆ ಮನೆಯಿಲ್ಲವಾದ್ದರಿಂದ ನಮ್ಮ ತಿದ್ದುವ ಕೆಲಸವೆಲ್ಲ ಕೋಟೆ ಬೆಟ್ಟದ ದಾರಿಯಲ್ಲಿ, ಅರ್ಧ ಹತ್ತಿದ ಮೇಲೆ ಸಿಗುವ ಒಂದು ಮುರುಕು ಮಂಟಪದಲ್ಲಿ ನಡೆಯುತ್ತಿತ್ತು. ಅವರೂ ಆ ಕಾಗದಗಳನ್ನು ತಮ್ಮ ಕೋಣೆಗೆ ಒಯ್ಯುತ್ತಿರಲಿಲ್ಲ. ಅಷ್ಟು ಓದಿದ ಮನುಷ್ಯನಿಗೂ ನಮ್ಮವ್ವನ ಭಯವೇ ಎಂದು ನಾನು ಚೇಷ್ಟೆ ಮಾಡಿದ್ದುಂಟು. ಅವರು ಕಾಗದದ ಮೇಲೆ ಒಂದು ಕಲ್ಲಿಟ್ಟು, ಗಾಳಿಗೆ ಹಾರದಂತೆ ಒತ್ತಿ, ಮಾತು ಬೇರೆ ಕಡೆಗೆ ತಿರುಗಿಸಿದರು.

ಪ್ರಬಂಧವನ್ನು ಪೂರ್ತಿ ಬರೆದು ಕೊಟ್ಟ ದಿನ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಕರುಣರಸದ ಲಕ್ಷಣವೇನು, ವಿಭಾವ ಅನುಭಾವಗಳೇನು, ಎಲ್ಲವನ್ನೂ ಹೆಣೆದಿದ್ದೆ. ಯುದ್ಧದ ಕಾಲ, ಕಾಗದ ಸಿಗದು. ಹಾಳೆಯ ಎರಡೂ ಮಗ್ಗುಲು ಒತ್ತೊತ್ತಾಗಿ ಬರೆದಿದ್ದೆ. ಅವರು ಮಂಟಪದ ಕಂಬಕ್ಕೆ ಒರಗಿ, ತುಟಿ ಅಲ್ಲಾಡಿಸುತ್ತ, ಬಿಸಿಲು ಇಳಿಯುವವರೆಗೂ ಓದಿದರು. ಒಂದು ಸೊನ್ನೆಯನ್ನೂ ಸುತ್ತಲಿಲ್ಲ. ಓದಿ ಮುಗಿಸಿ ಮಡಿಲಲ್ಲಿಟ್ಟುಕೊಂಡರು.

"ಹ್ಯಾಂಗೈತ್ರಿ ಮೇಷ್ಟ್ರ?" ಎಂದೆ.

"ಚೆನ್ನಾಗೈತೆ. ಭಾಷೆ ಚೆನ್ನಾಗೈತೆ. ಆದ್ರೆ ಪಂಡಿತರೇ, ಇದ್ರಾಗೆ ಅಳೋರೇ ಇಲ್ವಲ್ಲ."

ಹಾಳೆ ತಿರುವಿ ತೋರಿಸಿದರು.

"ಇಲ್ಲೊಂದು ಸೊಲ್ಲು, ಅಲ್ಲೊಂದು ಸೊಲ್ಲು. ಯಾರು ಅತ್ರು, ಯಾರಿಗೆ ಅತ್ರು, ಹೆಂಗೆ ಸುರು ಮಾಡಿದ್ರು, ಎಲ್ಲಿ ನಿಲ್ಸಿದ್ರು? ಮೊದ್ಲಿಂದ ಕಡೇ ತನ್ಕ ಒಂದಾದ್ರೂ ಕೇಳಿದ್ರಾ?"

"ಇಲ್ರಿ. ಹ್ಯಾಂಗ್ ಕೇಳ್ಲಿ?"

"ಹಂಗಾರೆ ಏನಂತ ಸಹಿ ಹಾಕ್ಲಿ?"

ಕಾಗದಗಳನ್ನು ತಿರುಗಿ ಕೊಟ್ಟರು. ಸಹಿ ಹಾಕಲಿಲ್ಲ. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅವರನ್ನು ಬಿಟ್ಟು ಒಬ್ಬನೇ ಬೆಟ್ಟ ಇಳಿದೆ. ಕಳಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ಈ ಸಲ ತಪ್ಪಿದರೆ ಇನ್ನೊಂದು ವರ್ಷ.

ಕೆಲವು ವಾರ ಕಳೆದ ಮೇಲೆ ಅವರೇ ಒಂದು ಸಂಜೆ ನಮ್ಮ ಮನೆ ಮುಂದೆ ನಿಂತು ಕರೆದರು. ಮಂಟಪದವರೆಗೆ ಹೋದೆವು. ಅಲ್ಲಿ ಕೂತು, ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೈಯಲ್ಲಿ ಉರುಳಿಸುತ್ತ ಹೇಳಿದರು.

"ಮೊದ್ಲಿಂದ ಕಡೇ ತನ್ಕ ಒಂದು ನನಗೆ ಗೊತ್ತೈತೆ."

ಅವರಿಗೊಬ್ಬ ಮಗಳಿದ್ದಳು. ಆಗಿನ್ನೂ ಅವರು ತಮ್ಮೂರಿನ ಹತ್ತಿರದ ಶಾಲೆಯಲ್ಲೇ ಇದ್ದರು. ಮಗುವಿಗೆ ಜ್ವರ ಬಂದ ದಿನ ಶಾಲೆಗೆ ಇನ್‌ಸ್ಪೆಕ್ಷನ್ ಇತ್ತು. ಹುಡುಗರ ಸಲೇಟು, ಪುಸ್ತಕ ಎಲ್ಲ ನೋಡಿಟ್ಟು, ಸಾಹೇಬರನ್ನು ಕಳಿಸಿ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಬೆಳಗಾಗುವುದರೊಳಗೆ ಮಗು ಹೋಗಿತ್ತು. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಣ್ಣಿಗೆ ಒಯ್ಯುವವರೆಗೂ ಹಾಡಿ ಅತ್ತರು. ಇವರು ಕಂಬಕ್ಕೆ ಒರಗಿ ಕೂತು ಕೇಳಿದರು. ಅಂದಿನಿಂದ ಆಕೆ ಯಾವ ಹಾಡನ್ನೂ ಹಾಡಿಲ್ಲ, ಮದುವೆಮನೆಯ ಸೋಬಾನೆಗೂ ದನಿಗೂಡಿಸಿಲ್ಲ. ಕೇಳಿದ ಇವರಿಗೆ ಒಂದು ಅಕ್ಷರವೂ ಮರೆತಿಲ್ಲ.

"ಅವಳನ್ನ ಕೇಳಿದೆ" ಎಂದರು. "ಬರ್ಕಂಡ್ ಹೋಗ್ಲಿ, ಹೆಸ್ರು ಹಾಕ್ಬಾರ್ದು ಅಂದ್ಲು. ಮನೆ ಒಳ್ಗೆ ಆಗ್ಬಾರ್ದು ಅಂದ್ಲು. ನಾನು ಹೇಳ್ತೀನಿ, ನೀವು ಬರ್ಕಳ್ಳಿ. ಆದ್ರೆ ಅವಳು ಕೇಳಿ ಹೌದು ಅನ್ಬೇಕು. ನನ್ನ ಕಿವಿ ಒಂದನ್ನೇ ನಂಬಿ ನಾನು ಸಹಿ ಹಾಕಲ್ಲ."

ನನಗೆ ಬೇಡವೆನ್ನಿಸಿತು. ಹಾಗೆಂದೂ ಹೇಳಿದೆ. "ಪರೀಕ್ಷಾ ಹಾಳಾಗಿ ಹೋಗ್ಲಿ ಬಿಡ್ರಿ ಮೇಷ್ಟ್ರ." ಅವರು ಒಪ್ಪಲಿಲ್ಲ. "ಇಷ್ಟು ವರ್ಷ ನನ್ನೊಬ್ಬನ ತಲೇಲೇ ಐತೆ. ಇನ್ನೊಂದು ಕಡೆ ಇರ್ಲಿ" ಎಂದರು. ಆ ಮಾತಿನ ಭಾರ ನನಗೆ ತಿಳಿದದ್ದು ಅವರ ಊರಿಗೆ ಹೋದ ಮೇಲೆ.

ಬೇಸಗೆ ರಜೆಯಲ್ಲಿ ಹೋದೆವು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ದಿಬ್ಬ ಬಂದರೆ ಇಳಿದು ತಳ್ಳಬೇಕು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರ ಸೇರಿ, ಅಲ್ಲಿಂದ ನಡೆದು ಊರು ಮುಟ್ಟುವಷ್ಟರಲ್ಲಿ ಮಸಿ ಬಳಿದ ಕೋಡಂಗಿಗಳಂತಾಗಿದ್ದೆವು. ಆಕೆ ಕಾಲಿಗೆ ನೀರು ಕೊಟ್ಟು, ರಾಗಿ ಮುದ್ದೆ, ಹುರುಳಿ ಸಾರು ಬಡಿಸಿದರು. ನನ್ನನ್ನು ಅಣ್ಣಯ್ಯ ಎಂದರು. ಗಂಡನ ಜೊತೆ ಬೇಕಾದಷ್ಟೇ ಮಾತು. ಅವರು ಉಂಡು ಕೈತೊಳೆದ ಕೂಡಲೇ, ಯಾರದೋ ಮನೆಗೆ ಬಂದ ನೆಂಟನ ಹಾಗೆ, ಎದ್ದು ಹೊರಗೆ ಹೋಗಿ ಕೂತದ್ದನ್ನು ನೋಡಿದೆ.

ಹೊಲದ ಬದುವಿನಲ್ಲಿ ಒಂದು ಹೊಂಗೆಮರ. ಅದರ ಆಚೆ ಮೂಲೆಯಲ್ಲಿ ಕಲ್ಲು ಜೋಡಿಸಿದ ಪುಟ್ಟ ದಿಬ್ಬ. ಯಾರೂ ಹೇಳದೆಯೂ ಅದೇನೆಂದು ತಿಳಿಯಿತು. ಆಕೆ ಈ ಊರು ಬಿಟ್ಟು ಬರದೆ ಇದ್ದದ್ದು ಯಾಕೆಂದೂ ತಿಳಿಯಿತು. ನಾವಿಬ್ಬರೂ ಮರದ ಕೆಳಗೆ ಕೂತೆವು. ಆಕೆ ಸ್ವಲ್ಪ ದೂರದಲ್ಲಿ ನಮಗೆ ಬೆನ್ನು ಮಾಡಿ, ಹುಣಸೆಹಣ್ಣಿನ ರಾಶಿ ಹಾಕಿಕೊಂಡು, ಗುಂಡುಕಲ್ಲಿನಿಂದ ಕುಟ್ಟಿ ಬೀಜ ತೆಗೆಯುತ್ತ ಕೂತರು.

ಅವರು ಉಕ್ತಲೇಖನ ಬರೆಸಿದರು. ಬೇರೆ ಮಾತು ನನಗೆ ಗೊತ್ತಿಲ್ಲ. ತರಗತಿಯಲ್ಲಿ ಹುಡುಗರಿಗೆ ಬರೆಸುತ್ತಿದ್ದ ಹಾಗೆಯೇ ಒಂದೊಂದು ಸೊಲ್ಲನ್ನು ಎರಡೆರಡು ಸಲ, ರಾಗವಿಲ್ಲದೆ, ಸ್ಪಷ್ಟವಾಗಿ, ನಾನು ಬರೆದು ಮುಗಿಸುವವರೆಗೆ ಕಾದು ಮುಂದಿನದು. ಹೊಸ ಬಳೆ ಇಡಿಸಬೇಕೆಂದಿದ್ದ ಮಾತು. ಕರು ಹುಡುಕಿಕೊಂಡು ಬಂದು ನಿಂತಿದೆ ಎಂಬ ಮಾತು. ತಲೆ ಬಾಚಲು ಕೂರೆಂದರೆ ಓಡುತ್ತಿದ್ದವಳು ಇಂದು ಅಲ್ಲಾಡದೆ ಮಲಗಿದ್ದೀಯಲ್ಲ ಎಂಬ ಮಾತು. ಹುಣಸೆಹಣ್ಣು ಕುಟ್ಟುವ ಸದ್ದು ಒಂದೇ ಸಮನೆ ಬರುತ್ತಿತ್ತು. ನನ್ನ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಆಮೇಲೆ ಅವರು ಅದೇ ದನಿಯಲ್ಲಿ ಬರೆಸಿದರು:

"ಊರ ಮಕ್ಕಳ ಸಲೇಟು ನೋಡಿದ್ಯಲ್ಲಾ, ನನ್ನ ಕೂಸಿನ ಮೈ ಮುಟ್ಟಿ ನೋಡ್ಲಿಲ್ವಲ್ಲಾ."

ನಾನು ಬರೆದೆ. ಹಾಡಿ ಅಳುವಾಗ ಹೆಂಡತಿ ಗಂಡನಿಗೆ ಬಹುವಚನ ಹಚ್ಚುವುದಿಲ್ಲ. ಅದನ್ನು ಪ್ರಬಂಧದಲ್ಲಿ ನಾನೇ ಹೇಳಿದ್ದೆ. ಕುಟ್ಟುವ ಸದ್ದು ನಿಂತಿತು.

"ಅದು ಇಲ್ಲ" ಎಂದರು ಆಕೆ, ತಿರುಗದೆ.

"ಯಾವ್ದು?"

"ಈಗ ಹೇಳಿದ್ರಲ್ಲ, ಸಲೇಟು, ಮೈ ಮುಟ್ಟೋದು. ಅದನ್ನ ನಾನು ಅಂದಿಲ್ಲ."

"ಅಂದಿದ್ದೆ" ಎಂದರು ಅವರು. "ಕಂಬಕ್ಕೆ ಒರಗಿ ಕುಂತಿದ್ದೆ. ಈ ಕಿವೀಲೇ ಕೇಳಿದ್ದೀನಿ."

"ಆವತ್ತು ನೀವು ಯಾವ ಗ್ಯಾನದಾಗಿದ್ರಿ? ನಿಮ್ಮ ಮನ್ಸಿಗೆ ಬಂದಿದ್ದು ನನ್ನ ಬಾಯಿಂದ ಬಂದಂಗೆ ಕೇಳಿರ್ತೈತೆ. ನಾನು ಮಾತ್ರ ಅಂದಿಲ್ಲ."

"ನಿಜ ಹೇಳು."

"ಹಾಡು ನಂದು. ನನಗೆ ಗೊತ್ತಿಲ್ವಾ?"

ಆಗ ಆಕೆ ತಿರುಗಿ ಗಂಡನ ಮುಖವನ್ನು ನೋಡಿದರು. ನಾನು ನೆಲ ನೋಡಿದೆ. ಅವರ ತುಟಿ ಅಲ್ಲಾಡುತ್ತಿತ್ತು. ಆ ಸೊಲ್ಲನ್ನೇ ಮತ್ತೆ ಮತ್ತೆ ಬಾಯಲ್ಲಿಟ್ಟು ನೋಡುತ್ತಿದ್ದರೆಂದು ಕಾಣುತ್ತದೆ.

"ಹೊಡೆದುಹಾಕಿ ಪಂಡಿತರೇ" ಎಂದರು. "ಓದೋಕೆ ಬರ್ದಂಗೆ ಹೊಡೀರಿ."

ಹೊಡೆದುಹಾಕಿದೆ. ಮತ್ತೆ ಕುಟ್ಟುವ ಸದ್ದು ಶುರುವಾಯಿತು. ಉಳಿದದ್ದನ್ನು ಬರೆಸಿ ಮುಗಿಸಿ, ಅಲ್ಲೇ ತೊಡೆಯ ಮೇಲೆ ಕಾಗದ ಇಟ್ಟುಕೊಂಡು, 'ಓದಿದ್ದೇನೆ' ಎಂದು ಬರೆದು ಸಹಿ ಹಾಕಿದರು.

ಮರುದಿನ ನನ್ನನ್ನು ಬಸ್ಸಿಗೆ ಬಿಡಲು ಮಡಕಶಿರದವರೆಗೆ ನಡೆದು ಬಂದರು. ದಾರಿಯುದ್ದಕ್ಕೂ ಅವರು ತಮ್ಮಷ್ಟಕ್ಕೆ ತಾವೇ ನಗುವುದು, ತಲೆ ಕೊಡವುವುದು, ಮತ್ತೆ ನಗುವುದು.

"ಆ ಸೊಲ್ಲಿಗೇ ನಾನು ಊರು ಬಿಟ್ಟಿದ್ದು ಪಂಡಿತರೇ. ಅದನ್ನ ಕೇಳಿದ ಮೇಲೆ ಅಲ್ಲಿ ಕುಂತು ಹೆಂಗೆ ಉಣ್ಲಿ, ಅವಳ ಮುಖ ಹೆಂಗೆ ನೋಡ್ಲಿ ಅಂತ ರಾಯದುರ್ಗಕ್ಕೆ ವರ್ಗ ಹಾಕಿಸ್ಕಂಡೆ. ಈಗ ನೋಡಿದ್ರೆ ಅವಳು ಅಂದೇ ಇಲ್ಲ! ಇಲ್ದೇ ಇರೋ ಸೊಲ್ಲನ್ನ ಇಷ್ಟು ವರ್ಷ ಬಾಯಿಪಾಠ ಮಾಡಿದ್ದೀನಿ. ಊರೋರ ಬರಹಕ್ಕೆಲ್ಲ ಸೊನ್ನೆ ಸುತ್ತೋನು, ನನ್ನದಕ್ಕೆ ಸುತ್ಲಿಲ್ಲ ನೋಡಿ."

ಬಸ್ಸು ಬಂತು. ಅವರು ಯಾವಾಗಲೂ ಒಂದು ರಾತ್ರಿ ಇದ್ದು ಹೊರಟುಬಿಡುವವರು, ಅಂದು ಹತ್ತಲಿಲ್ಲ. "ನೀವು ನಡೀರಿ, ರಜಾ ಮುಗಿಯೋ ತನ್ಕ ನಾನು ಮನೇಲಿ ಇರ್ತೀನಿ" ಎಂದರು. 'ಮನೇಲಿ' ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೊಗೆಯ ಮರೆಯಲ್ಲಿ ತಿರುಗಿ ನೋಡಿದೆ. ಆ ಬಾಗಿದ ಬೆನ್ನಿನ ಮನುಷ್ಯ ಊರ ದಾರಿಯಲ್ಲಿ ಹುಡುಗನ ಹಾಗೆ ಬಿರಬಿರನೆ ಹೋಗುತ್ತಿದ್ದರು. ನನಗೆ ಆದ ಸಂತೋಷ ಹೇಳತೀರದು.

ಪ್ರಬಂಧ ಒಪ್ಪಿಗೆಯಾಯಿತು, ನಾನು ಪಂಡಿತನಾದೆ. ಅವರು ಅರ್ಜಿ ಬರೆದುಕೊಂಡು, ತಮ್ಮೂರ ಹತ್ತಿರದ ಒಂದು ಏಕೋಪಾಧ್ಯಾಯ ಶಾಲೆಗೆ ಹೋದರು. ಸ್ಕೂಲಿನಲ್ಲಿ ಎಲ್ಲರೂ ಹುಚ್ಚೆಂದರು. ನಾನು ಅತ್ತ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಒಂದು ರಾತ್ರಿ ಇದ್ದು ಬರುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚೆಂದು ಅವರು, ನಾಲಿಗೆಗೆ ವಯಸ್ಸಾಯಿತೆಂದು ಆಕೆ, ದಿನವೂ ಜಗಳ. ಆ ಜಗಳ ಕೇಳಲೆಂದೇ ನಾನು ಹೋಗುತ್ತಿದ್ದೆನೋ ಏನೋ.

ಈ ಮಾಘದಲ್ಲಿ ಸಾವಿನ ಸುದ್ದಿ ಹೊತ್ತ, ಮೂಲೆ ಹರಿದ ಕಾರ್ಡು ಬಂತು. ಹೊಸ್ತಿಲಾಚೆ ನಿಂತು ಓದಿ, ಪದ್ಧತಿಯಂತೆ ಅಲ್ಲೇ ಹರಿದು ಹಾಕಿ, ಬಸ್ಸು ಹತ್ತಿದೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲಿ ಸಾವಿನ ಮನೆಗೆ ತಡವಾಗಿ ಬಂದವರನ್ನು ಕಂಡರೆ ಹೆಂಗಸರು ಮತ್ತೆ ಮೊದಲಿನಿಂದ ಹಾಡಿ ಅಳುತ್ತಾರೆ. ಬಂದವರಿಗೆ ಸತ್ತವರ ಸುದ್ದಿ ಹೇಳುವ ರೀತಿ ಅದು. ಆಕೆ ಕಂಬದ ಬಳಿ, ಹಿಂದೆ ಅವರು ಕೂತಿದ್ದ ಜಾಗದಲ್ಲೇ ಕೂತಿದ್ದರು. ಮಗು ಸತ್ತಂದಿನಿಂದ ಹಾಡು ಬಿಟ್ಟಿದ್ದ ಆ ತಾಯಿ, ನನ್ನನ್ನು ಕಂಡದ್ದೇ ದನಿ ತೆಗೆದರು.

ನಿನ್ನ ಪಂಡಿತ ಬಂದಿದ್ದಾನೆ, ಎದ್ದು ಚೇಷ್ಟೆ ಮಾಡಲ್ವಲ್ಲಾ ಎಂದರು. ಕಿವಿ ಮೇಲಿನ ಪೆನ್ಸಿಲು ಗೂಡಿನಲ್ಲಿಟ್ಟು ಹೋದೆಯಲ್ಲಾ ಎಂದರು. ಉಪ್ಪು ಹೆಚ್ಚೆನ್ನುವವರು ಯಾರಿನ್ನು ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ಅದೇ ರಾಗದಲ್ಲಿ, ಅದೇ ಉಸಿರಿನಲ್ಲಿ ಬಂತು:

"ಊರ ಮಕ್ಕಳ ಸಲೇಟು ನೋಡಿದೆ ಅಂದಿದ್ನಲ್ಲಾ, ಕೂಸಿನ ಮೈ ಮುಟ್ಲಿಲ್ಲ ಅಂತ ಅಂದಿದ್ನಲ್ಲಾ. ಅಂದೂ ಅಂದಿಲ್ಲ ಅಂದ್ನಲ್ಲಾ, ನಿನ್ನ ಮಖ ನೋಡಿ ಸುಳ್ಳಾಡಿದ್ನಲ್ಲಾ."

ಸುತ್ತಲಿದ್ದ ಹೆಂಗಸರಿಗೆ ಅದು ಇನ್ನೊಂದು ಸೊಲ್ಲು, ಅಷ್ಟೆ. ಮೂಗು ಒರೆಸಿಕೊಂಡು ತಲೆಯಾಡಿಸಿದರು. ನಾನು ಗೋಡೆ ಹಿಡಿದು ಕೂತುಬಿಟ್ಟೆ. ಹುಣಸೆಹಣ್ಣು ಕುಟ್ಟುತ್ತಿದ್ದ ದಿನ ಆಕೆ ಹಾಡಿರಲಿಲ್ಲ, ಮಾತಾಡಿದ್ದರು. ಈಗ ಹಾಡುತ್ತಿದ್ದರು. ಹಾಡಿ ಅಳುವಾಗ ಸುಳ್ಳು ಬಾರದೆಂಬ ನಮ್ಮವ್ವನ ಮಾತಿನ ಪಕ್ಕ ಅವರು ಸುತ್ತಿದ್ದ ಆ ಸೊನ್ನೆ ನೆನಪಿಗೆ ಬಂತು. ಯಾರು ಕೇಳಿದರು ಎಂದರೆ ನಾನು ಕೇಳಿದೆ ಎಂದು ಈಗ ಹೇಳಬಲ್ಲೆ. ಅಳಿಸಿಕೊಡಲು ಅವರಿಲ್ಲ.

ಜನ ಚದುರಿದ ಮೇಲೆ ಆಕೆ ಮುಖ ತೊಳೆದುಕೊಂಡು ಬಂದು, ಜಗಲಿಯ ಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಕೂತರು. ತಗ್ಗಿದ ದನಿಯಲ್ಲಿ ಕೇಳಿದರು.

"ಅಣ್ಣಯ್ಯ, ಆವತ್ತು ನಿಮ್ಮನ್ನ ಬಸ್ಸಿಗೆ ಬಿಡೋಕೆ ಬಂದ್ರಲ್ಲ. ದಾರೀಲಿ ಏನಾರ ಅಂದ್ರಾ? ನನ್ನ ಮಾತು ನಂಬಿದ್ರಾ? ಇಷ್ಟು ವರ್ಷ ಒಂದೇ ಒಲೆ ಮುಂದೆ ಕುಂತು ಉಂಡ್ವಿ, ಕೇಳೋಕೆ ಬಾಯೇ ಬರ್ಲಿಲ್ಲ. ಕೇಳಿದ್ರೆ ಗೊತ್ತಾಗಿ ಹೋಗ್ತೈತೆ ಅಂತ ಭಯ."

ಕಾಣದೆ ಕೇಳದೆ ಒಂದು ಮಾತನ್ನೂ ಹೇಳಬಾರದೆಂದು ಕಲಿಸಿದ್ದವರು ಅವರು. ಇದನ್ನು ನಾನು ಕಂಡಿದ್ದೆ, ಕೇಳಿದ್ದೆ.

"ನಂಬಿದ್ರವ್ವ" ಎಂದೆ. "ದಾರಿ ತುಂಬ ನಕ್ಕೊಂತ ಬಂದ್ರು. ಅಂದೇ ಇಲ್ಲ ನೋಡ್ರಿ ಪಂಡಿತರ ಅಂತ ನನಗ ಹೇಳಿದ್ರು. ಬಸ್ಸು ಹತ್ತಲಿಲ್ಲ. ಮನೀಗೆ ಹೋಗ್ತೀನಂತ ಬಿರಬಿರ ತಿರುಗಿ ಬಂದ್ರು. ನಾನ ಕಣ್ಣಾರೆ ನೋಡೀನಿ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ, ಹಾಡದೆ ಅತ್ತರು.